ಸಣ್ಣ ಮೀನಿನ ಕೆರೆ

ಗೇಟಿನ ಸರಪಳಿ ಬಿಚ್ಚುವ ಮೊದಲು ಬೇಲಿಯ ಕಂಬ ನೋಡಿ. ಎದೆಮಟ್ಟದಲ್ಲಿ ನೇರಳೆ ಬಣ್ಣದ ಪಟ್ಟೆ ಬಳಿದಿದ್ದಾರೆ. ಟೆಕ್ಸಸ್‌ನಲ್ಲಿ ಈ ಬಣ್ಣವಿದ್ದರೆ ಬೇರೆ ಬೋರ್ಡು ಬೇಕಿಲ್ಲ. ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ ಎಂಬುದಕ್ಕೆ ಕಾನೂನಿನ ಪ್ರಕಾರ ಅದೇ ಗುರುತು. ಈ ರಾಜ್ಯದ ನೆಲದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಖಾಸಗಿಯವರದು. ಹಾಗಾಗಿ ಇಲ್ಲಿ ಗಾಳದ ಕೋಲಿಗಿಂತ ಮೊದಲು ಒಬ್ಬರ ವಿಶ್ವಾಸ ಸಂಪಾದಿಸಬೇಕು. ನಿಮಗೆ ಅದು ದಕ್ಕಿದೆ. ಗೇಟು ದಾಟಿ ಕಾರು ನಿಲ್ಲಿಸಿ, ಇಳಿದು ಬಂದು, ಸರಪಳಿಯನ್ನು ಮೊದಲಿದ್ದ ಕೊಂಡಿಗೇ ಸಿಕ್ಕಿಸಿ. ಮುಚ್ಚಿದ್ದ ಗೇಟು ಮುಚ್ಚಿಯೇ ಇರಬೇಕು, ತೆರೆದಿದ್ದದ್ದು ತೆರೆದೇ ಇರಬೇಕು. ನಿಮ್ಮನ್ನು ಮತ್ತೆ ಕರೆಯಬೇಕೋ ಬೇಡವೋ ಎಂದು ರ‍್ಯಾಂಚಿನವರು ತೀರ್ಮಾನಿಸುವುದು ಈ ಕೊಂಡಿ ನೋಡಿ.

ಮೇ ತಿಂಗಳ ಮೊದಲ ವಾರ, ಹೊತ್ತು ನಾಲ್ಕು ದಾಟಿದೆ. ಫೋರ್ಟ್ ವರ್ತ್ ನಗರ ಪೂರ್ವದಲ್ಲಿ ಹಿಂದೆ ಉಳಿಯಿತು. ಇದು ಕ್ರಾಸ್ ಟಿಂಬರ್ಸ್ ಎಂಬ ಸೀಮೆ. ಗಿಡ್ಡ ಓಕ್ ಮರಗಳ ಕಾಡು, ಅದು ಮುಗಿದಲ್ಲಿ ಹುಲ್ಲುಗಾವಲು, ಮತ್ತೆ ಕಾಡು, ನಡುನಡುವೆ ಮರಳುಗಲ್ಲಿನ ಬಂಡೆ. ಹುಲ್ಲಿನ ತುಂಬ ಕೆಂಪು ಎಸಳಿಗೆ ಹಳದಿ ಅಂಚಿನ ಗೈಲಾರ್ಡಿಯಾ ಹೂ. ದಾರಿಬದಿಯ ಮುಳ್ಳುಗಿಡವನ್ನು ಬಯಲುಸೀಮೆಯವರಿಗೆ ಪರಿಚಯಿಸಬೇಕಿಲ್ಲ: ಇದು ಮೆಸ್ಕೀಟ್, ನಮ್ಮ ಊರುಗಳ ಕೆರೆಯಂಗಳ ನುಂಗಿ ಕೂತಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಅದರ ತುದಿರೆಂಬೆಯಲ್ಲಿ ಒಂದು ಹಕ್ಕಿ, ಮೈಗಿಂತ ಉದ್ದದ ಕವಲುಬಾಲ. ಕಾರು ಹತ್ತಿರವಾದಾಗ ಅದು ಚಿಮ್ಮಿ, ಗಾಳಿಯಲ್ಲೇ ಮಿಡತೆಯೊಂದನ್ನು ಹಿಡಿದು ಅದೇ ರೆಂಬೆಗೆ ಮರಳುತ್ತದೆ. ಸಿಜರ್-ಟೇಲ್ಡ್ ಫ್ಲೈಕ್ಯಾಚರ್ ಅಂದರೆ ಇದೇ.

ದಿಬ್ಬ ಹತ್ತಿದಿರೋ, ಕೆಳಗೆ ಕೆರೆ. ಸುಮಾರು ಐದು ಎಕರೆ ನೀರು. ಎರಡು ಗುಡ್ಡೆಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯ ಒಂದು ಕೊನೆಗೆ ಹುಲ್ಲು ಮುಚ್ಚಿದ ಕೋಡಿ, ಮೇಲ್ಗಡೆ ನೀರು ತೆಳುವಾಗುವಲ್ಲಿ ಜೊಂಡು. ನಟ್ಟನಡುವೆ ಹಿಂದೆಂದೋ ಮುಳುಗಿ ಸತ್ತ ಮರಗಳ ಬೋಳು ಕಾಂಡಗಳು ನಿಂತಿವೆ. ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿಕೊಂಡು ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ, ಹುಲ್ಲಿನ ಹ್ಯಾಟು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಕೆರೆ, ದನ, ಬೇಲಿ ಎಲ್ಲ ಇವರದೇ. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ.

1950ರಿಂದ 1957ರವರೆಗೆ ಟೆಕ್ಸಸ್ಸನ್ನು ಸುಟ್ಟ ಬರದಲ್ಲಿ ಇವರ ಮಾವ ಈ ಏರಿ ಹಾಕಿಸಿದ್ದು, ದನಗಳಿಗೆ ಕುಡಿಯುವ ನೀರಿಗಾಗಿ. ಅಮೆರಿಕದ ಎಷ್ಟೋ ರ‍್ಯಾಂಚ್ ಕೆರೆಗಳ ಹುಟ್ಟು ಹೀಗೇ. 1930ರ ದಶಕದ ಧೂಳಿನ ಬಿರುಗಾಳಿಗಳು ಹೊಲದ ಮಣ್ಣನ್ನೇ ಹೊತ್ತೊಯ್ದ ಮೇಲೆ, 1935ರಲ್ಲಿ ಸಾಯಿಲ್ ಕನ್ಸರ್ವೇಶನ್ ಸರ್ವಿಸ್ ಎಂಬ ಸರ್ಕಾರಿ ಇಲಾಖೆ ಹುಟ್ಟಿತು. ಅದರವರು ಜಾಗ ನೋಡಿ ನಕ್ಷೆ ಹಾಕಿಕೊಡುತ್ತಿದ್ದರು, ರೈತರು ಮಣ್ಣು ಒತ್ತಿಸುತ್ತಿದ್ದರು. ಮೀನು ಆಮೇಲೆ ಬಂದದ್ದು.

“ಇಲ್ಲಿ ಒಂದೇ ನಿಯಮ,” ಅನ್ನುತ್ತಾರೆ ಆಕೆ. “ಹನ್ನೆರಡು ಅಂಗುಲಕ್ಕಿಂತ ಚಿಕ್ಕ ಬಾಸ್ ಸಿಕ್ಕರೆ ನೀರಿಗೆ ವಾಪಸು ಬಿಡಬೇಡಿ. ಎಷ್ಟಿದ್ದರೂ ಸರಿ, ಈ ಐಸ್ ಪೆಟ್ಟಿಗೆಗೆ ತನ್ನಿ. ಆದರೆ ಸನ್‌ಫಿಶ್ ಇದೆಯಲ್ಲ, ಅದರಲ್ಲಿ ಅಂಗೈ ಮೀರಿದ ಗಂಡು ಬಂದರೆ ಜೋಪಾನವಾಗಿ ಬಿಟ್ಟುಬಿಡಿ.”

“ಆಗಲಿ, ಮ್ಯಾಮ್,” ಎನ್ನಿ. ಗಾಳ ಹಿಡಿದವರಲ್ಲಿ ಹೆಚ್ಚಿನವರು ನಡೆಯುವ ರೀತಿಗೆ ಇದು ತಲೆಕೆಳಗು. 1972ರಲ್ಲಿ ರೇ ಸ್ಕಾಟ್ ಎಂಬಾತ ತನ್ನ ಬಾಸ್ ಪಂದ್ಯಗಳಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿ ತಂದ ಮೇಲೆ, ಬಾಸ್ ಮೀನನ್ನು ಕೊಲ್ಲುವುದೆಂದರೆ ಇಲ್ಲಿ ಎಷ್ಟೋ ಜನಕ್ಕೆ ಮುಜುಗರ. ದೊಡ್ಡ ಸಾರ್ವಜನಿಕ ಸರೋವರಗಳಿಗೆ ಆ ಪದ್ಧತಿ ಒಳ್ಳೆಯದನ್ನೇ ಮಾಡಿತು. ಐದು ಎಕರೆಯ ಕೆರೆಯ ಲೆಕ್ಕ ಬೇರೆ.

ಡಿಕ್ಕಿ ತೆರೆದು ಕೋಲು ಜೋಡಿಸಿ. ನಾಲ್ಕು ತುಂಡು, ಸೇರಿದರೆ ಒಂಬತ್ತಡಿ, ಕಿರುಬೆರಳಿನಷ್ಟು ತೆಳುವಿನಿಂದ ಶುರುವಾಗಿ ತುದಿಯಲ್ಲಿ ಕಡ್ಡಿಯಷ್ಟು. ಮಾಮೂಲಿ ಗಾಳದಲ್ಲಿ ಎರೆಯ ಅಥವಾ ಸೀಸದ ಭಾರ ಮುಂದೆ ಹಾರಿ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಎರೆಗೆ ತೂಕವೇ ಇಲ್ಲವೆನ್ನಬಹುದು. ದಾರವೇ ದಪ್ಪ, ಭಾರ ಅದರಲ್ಲೇ ಇದೆ. ಬೀಸುವುದು ದಾರವನ್ನು, ಎರೆ ಅದರ ಹಿಂದೆ ಬರುತ್ತದೆ. ದಾರದ ಕೊನೆಗೆ ಕಣ್ಣಿಗೆ ಕಾಣದ ನೈಲಾನ್ ಲೀಡರ್, ಅದರ ಕೊನೆಗೆ ಇವತ್ತು ಒಂದು ಪುಟ್ಟ ಪಾಪರ್: ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಬೆಂಡಿನ ತಲೆ, ಮುಂಭಾಗ ಚಪ್ಪಟೆ, ಬದಿಗೆ ರಬ್ಬರ್ ಕಾಲು, ಹಿಂದೆ ನಾಲ್ಕು ಎಳೆ ಗರಿ. 20ನೇ ಶತಮಾನದ ಆರಂಭದಲ್ಲಿ ಟೆನೆಸಿಯ ಚಟನೂಗಾದಲ್ಲಿ ಅರ್ನೆಸ್ಟ್ ಪೆಕಿನ್‌ಪಾ ಇಂಥ ಬೆಂಡಿನ ಹುಳುಗಳನ್ನು ಮಾಡಿ ಮಾರಿ ಊರೂರಿಗೆ ಮುಟ್ಟಿಸಿದ. ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ, ಬಿಡಿಸುವಾಗ ಮೀನಿನ ಬಾಯಿ ಹರಿಯುವುದಿಲ್ಲ.

ನಡೆಯುವಾಗ ನೆಲ ನೋಡಿಕೊಂಡೇ ನಡೆಯಿರಿ. ಪುಡಿಮಣ್ಣಿನ ಗುಡ್ಡೆ ಕಂಡರೆ ಸುತ್ತಿಕೊಂಡು ಹೋಗಿ, ಅದು ಫೈರ್ ಆಂಟ್ ಎಂಬ ಇರುವೆಯ ಮನೆ. ಒಂದು ಹೆಜ್ಜೆಗೆ ನೂರು ಕಡಿತ. ದಡದ ಕಲ್ಲುಗಳ ನಡುವೆ ಹಾವಿರಬಹುದು. ನೀರಲ್ಲಿ ಹೋಗುವ ಹಾವಿನ ಮೈ ಬಹುಪಾಲು ಮುಳುಗಿದ್ದರೆ ಅದು ಬರಿಯ ನೀರುಹಾವು. ಇಡೀ ಮೈ ನೀರ ಮೇಲೆ ತೇಲುತ್ತಿದ್ದರೆ ಕಾಟನ್‌ಮೌತ್, ವಿಷದ್ದು. ಇವತ್ತು ಕಂಡದ್ದು ಆಮೆಗಳು ಮಾತ್ರ. ಬಿದ್ದ ಕಾಂಡದ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು, ನಿಮ್ಮ ನೆರಳು ಬಿದ್ದೊಡನೆ ಬುಳುಬುಳು ನೀರಿಗಿಳಿದವು.

ದಕ್ಷಿಣದಿಂದ ಗಾಳಿ ಬೀಸುತ್ತಿದೆ. ಬೆನ್ನಿಗೆ ಗಾಳಿ ಬರುವ ಕಡೆ ನಿಲ್ಲಿ. ಪೋಲರಾಯ್ಡ್ ಕನ್ನಡಕ ಹಾಕಿ ನೀರೊಳಗೆ ನೋಡಿ. ಮೊದಲು ಬರಿಯ ಹಸಿರು. ಕಣ್ಣು ಪಳಗಿದಂತೆ ತಳ ಕಾಣತೊಡಗುತ್ತದೆ: ಮೊಣಕಾಲುದ್ದದ ನೀರಿನಲ್ಲಿ, ಜಲ್ಲಿಮಣ್ಣಿನ ಮೇಲೆ, ಪಡ್ಡಿನ ಹಂಚಿನಲ್ಲಿರುವಂತೆ ಒತ್ತೊತ್ತಾಗಿ ದುಂಡನೆಯ ಗುಳಿಗಳು. ಒಂದೊಂದೂ ಅಡಿಯಗಲ. ಒಂದೊಂದರ ಮೇಲೂ ಒಂದು ಕಪ್ಪು ಮೀನು ನಿಂತಲ್ಲೇ ನಿಂತು ಬಾಲ ಬೀಸುತ್ತಿದೆ.

ಬ್ಲೂಗಿಲ್. ಸನ್‌ಫಿಶ್ ಕುಲದಲ್ಲಿ ಎಲ್ಲಕ್ಕಿಂತ ಪರಿಚಿತ. ನೀರಿನ ಬಿಸಿ 21 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಂಡುಗಳು ಗುಂಪಾಗಿ ಬಂದು ಹೀಗೆ ಕೇರಿ ಕಟ್ಟುತ್ತವೆ. ಬಾಲದಿಂದ ಕೆಸರು ಗುಡಿಸಿ, ಹೆಣ್ಣು ಬಂದು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ನಿಲ್ಲುವುದು ಗಂಡೇ. ಮೊಟ್ಟೆಗೆ ಹೊಸ ನೀರು ಆಡಲಿ ಎಂದು ಬಾಲ ಬೀಸುತ್ತಲೇ ಇರುತ್ತದೆ, ಬಸವನಹುಳುವೋ ಬೇರೆ ಮೀನೋ ಬಂದರೆ ಮೂತಿಯಿಂದ ಗುದ್ದಿ ಓಡಿಸುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತವೆ. ಅದೋ, ಅಂಚಿನ ಪಾಚಿಯಲ್ಲಿ ಬೆರಳುದ್ದದ ಮೀನೊಂದು ಅವಿತಿದೆ. ಅದೂ ಗಂಡೇ. ಗುಳಿ ತೋಡುವ ಗೋಜಿಗೆ ಹೋಗದೆ, ಜೋಡಿ ಕೂಡುವ ಗಳಿಗೆಯಲ್ಲಿ ನುಗ್ಗಿ ತನ್ನ ವೀರ್ಯ ಚೆಲ್ಲಿ ಪರಾರಿಯಾಗುವ ಕಳ್ಳಗಂಡು. ಸ್ವಲ್ಪ ಬೆಳೆದ ಮೇಲೆ ಇಂಥವು ಹೆಣ್ಣಿನ ಬಣ್ಣ ತೊಟ್ಟು ಯಜಮಾನನ ಕಣ್ಣೆದುರೇ ಒಳಗೆ ಸೇರುತ್ತವೆ. ಕೆನಡಾದ ಒಂಟಾರಿಯೊದಲ್ಲಿರುವ ಒಪಿನಿಕನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಮತ್ತಿತರ ವಿಜ್ಞಾನಿಗಳು ಈ ಆಟವನ್ನು ವರ್ಷಗಟ್ಟಲೆ ನೋಡಿ ಬರೆದಿದ್ದಾರೆ. ಕೇರಿಯ ನಡುವೆ ನಿಂತ ದೊಡ್ಡ ಗಂಡುಗಳನ್ನೇ ಆರಿಸಿ ಆರಿಸಿ ತೆಗೆದರೆ, ಉಳಿದ ಎಳೆಯ ಗಂಡುಗಳು ಬೆಳೆಯುವುದನ್ನು ಬಿಟ್ಟು ಬೇಗ ಸಂತಾನಕ್ಕೆ ತೊಡಗಿ ಗಿಡ್ಡಾಗಿಯೇ ಉಳಿಯುತ್ತವೆ. ಅಂಗೈ ಮೀರಿದ ಗಂಡನ್ನು ಬಿಟ್ಟುಬಿಡಿ ಎಂದರಲ್ಲ, ಕಾರಣ ಇಲ್ಲಿದೆ. ಹಾಗಾಗಿ ಗುಳಿಗಳ ಮೇಲೆ ಎರೆ ಹಾಕಬೇಡಿ. ಅವುಗಳಾಚೆ, ನೀರು ಆಳಕ್ಕೆ ಜಾರುವ ಗೆರೆಯಲ್ಲಿ, ಸರದಿ ಕಾಯುವ ಮೀನುಗಳಿರುತ್ತವೆ.

“ಇನ್ನೂ ಸ್ವಲ್ಪ ಬಲಕ್ಕೆ ಹಾಕಿ,” ಎಂದು ಹುಡುಗ ಪಿಸುಗುಟ್ಟುತ್ತಾನೆ. ಅವನು ಯಾವಾಗ ಹಿಂದೆ ಬಂದನೋ.

ಕೋಲನ್ನು ಹಿಂದಕ್ಕೆ ಎತ್ತಿ, ಕಿವಿಯ ಪಕ್ಕ ಗಕ್ಕನೆ ನಿಲ್ಲಿಸಿ. ದಾರ ಬೆನ್ನ ಹಿಂದೆ ಬಿಚ್ಚಿಕೊಂಡು ನೇರವಾಗುವವರೆಗೆ ಕಾಯಿರಿ. ಈ ಕಾಯುವುದರಲ್ಲೇ ವಿದ್ಯೆಯೆಲ್ಲ ಇದೆ. ಅವಸರಪಟ್ಟರೆ ದಾರ ಚಾಟಿಯ ಸದ್ದು ಮಾಡಿ ಸುಮ್ಮನೆ ಕುಸಿಯುತ್ತದೆ. ಈಗ ಮುಂದಕ್ಕೆ. ದಾರ ತಲೆಯ ಮೇಲೆ ಕಿರಿದಾದ ಕುಣಿಕೆಯಾಗಿ ಉರುಳುತ್ತ ಹೋಗಿ, ಕೊನೆಗೆ ಲೀಡರ್ ಮಗುಚಿ, ಪಾಪರ್ ನೀರ ಮೇಲೆ ಕೂರುತ್ತದೆ. ಸುತ್ತ ಉಂಗುರಗಳು ಹರಡುತ್ತವೆ. ಏನೂ ಮಾಡಬೇಡಿ. ಉಂಗುರಗಳು ಅಳಿಯಲಿ. ಅಳಿದವು. ಎಡಗೈಯಲ್ಲಿ ದಾರವನ್ನು ಒಂದಂಗುಲ ಜಗ್ಗಿ. ಬುಳುಕ್.

ಕೆಳಗಿನಿಂದ ಒಂದು ನೆರಳು ಮೇಲೆದ್ದು ಪಾಪರ್‌ನ ನಾಲ್ಕು ಬೆರಳು ಕೆಳಗೆ ನಿಲ್ಲುತ್ತದೆ. ಪಕ್ಕದ ರೆಕ್ಕೆಗಳನ್ನು ಆಡಿಸುತ್ತ ಮುಂದೂ ಹೋಗದೆ ಹಿಂದೂ ಸರಿಯದೆ ನೋಡುತ್ತದೆ. ಬ್ಲೂಗಿಲ್‌ನಷ್ಟು ಪರೀಕ್ಷೆ ಮಾಡಿ ತಿನ್ನುವ ಮೀನು ಕಡಿಮೆ, ಬಾಯಿಯೂ ಪುಟ್ಟದು. ಮಕ್ಕಳ ಮೀನು ಎಂದು ಇದನ್ನು ಬದಿಗೆ ತಳ್ಳುವವರು ಅರ್ಧ ಕೆರೆಯನ್ನೇ ನೋಡದೆ ಮನೆಗೆ ಹೋಗುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಸಣ್ಣ ಜಗ್ಗು, ರಬ್ಬರ್ ಕಾಲು ಮಾತ್ರ ನಡುಗುವಷ್ಟು. ಚಪ್! ಮುತ್ತಿಟ್ಟ ಸದ್ದು, ಪಾಪರ್ ಇಲ್ಲ, ಕೋಲು ಬಾಗಿದೆ.

ಓಡುವುದಿಲ್ಲ ಇದು. ತಟ್ಟೆಯಗಲದ ಮೈಯನ್ನು ನೀರಿಗೆ ಅಡ್ಡ ತಿರುಗಿಸಿ ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಕೋಲಿನ ತುದಿ ನೀರಿಗೆ ತಾಗುತ್ತದೆ. ಇದರ ತೂಕ ಮುಕ್ಕಾಲು ಪೌಂಡೂ ಇರಲಿಕ್ಕಿಲ್ಲ. ಹತ್ತಿರ ಬಂದಾಗ ಕೈ ಒದ್ದೆ ಮಾಡಿಕೊಂಡು, ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ ಬೆನ್ನಮುಳ್ಳುಗಳನ್ನು ಮಲಗಿಸಿ ಹಿಡಿಯಿರಿ. ಎದೆ ಕಿತ್ತಳೆ, ಕೆನ್ನೆಯಡಿಯಲ್ಲಿ ನೀಲಿ, ಕಿವಿರಿನ ಮುಚ್ಚಳದ ತುದಿಯಲ್ಲಿ ಅಪ್ಪಟ ಕಪ್ಪು ಚುಕ್ಕೆ. ಆ ಚುಕ್ಕೆಗೆ ಕೆಂಪು ಅಂಚಿದ್ದರೆ ಅದು ರೆಡ್‌ಇಯರ್, ಗಂಟಲ ಹಲ್ಲಿನಲ್ಲಿ ಬಸವನಹುಳುವಿನ ಚಿಪ್ಪು ಅರೆದು ತಿನ್ನುವ ಜಾತಿ. ಬಾಯಿ ದೊಡ್ಡದಾಗಿ ಕೆನ್ನೆಯಲ್ಲಿ ವೈಡೂರ್ಯದ ಗೆರೆಗಳಿದ್ದರೆ ಗ್ರೀನ್ ಸನ್‌ಫಿಶ್. ಹುಡುಗ ಮೂರನ್ನೂ ದೂರದಿಂದಲೇ ಗುರುತಿಸುತ್ತಾನೆ. ಈ ಗಂಡು ನಿಮ್ಮ ಅಂಗೈ ಮೀರಿದೆ. ಬಿಡಿ.

ಗಂಟೆಗಟ್ಟಲೆ ಇದೇ ನಡೆಯಬಹುದು, ಬೇಸರವಾಗುವುದಿಲ್ಲ. ಆದರೆ ಒಂದು ಸಂಗತಿ ಗಮನಿಸಿ: ಸಿಗುವ ಬ್ಲೂಗಿಲ್‌ಗಳೆಲ್ಲ ದಪ್ಪ, ಕೊಬ್ಬಿದವು. ಬೆರಳುದ್ದದವು ಕೇರಿಯಂಚಿನ ಆ ಕೆಲವನ್ನು ಬಿಟ್ಟರೆ ಕಾಣುವುದೇ ಇಲ್ಲ. ಎಲ್ಲಿ ಹೋದವು?

ಜೊಂಡಿನ ಕಡೆ ನಡೆಯಿರಿ. ಸೂಜಿಯಷ್ಟು ಸಣ್ಣ ನೀಲಿ ಏರೋಪ್ಲೇನ್ ಚಿಟ್ಟೆಗಳು ಒಂದೊಂದು ಎಲೆಯ ತುದಿಯಲ್ಲೂ ಕೂತಿವೆ. ಕೆಲವು ಈಗಷ್ಟೇ ನೀರೊಳಗಿನ ಹುಳುಮೈಯಿಂದ ಹೊರಬಂದು ರೆಕ್ಕೆ ಒಣಗಿಸುತ್ತಿವೆ. ಕೆಂಪು ಭುಜದ ಕರಿ ಹಕ್ಕಿ ಗೂಡಿನ ಕಾವಲಲ್ಲಿ ನಿಮ್ಮನ್ನು ಬೈಯುತ್ತಿದೆ. ಜೊಂಡಿನ ಅಂಚಿಗೆ ಪಾಪರ್ ಬಿದ್ದದ್ದೇ ತಡ, ಯೋಚನೆಯಿಲ್ಲದೆ ಏನೋ ಎಗರಿ ನುಂಗಿತು. ಬಾಸ್. ಗಾಳಿಗೆ ಹಾರಿ ತಲೆ ಒದರುತ್ತದೆ. ಎಳೆದು, ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದು ಎತ್ತಿ ನೋಡಿ. ಹನ್ನೊಂದು ಅಂಗುಲ. ತಲೆ ದೊಡ್ಡದು, ಕಣ್ಣು ದೊಡ್ಡದು, ಹೊಟ್ಟೆ ಒಳಸೇರಿ ಬೆನ್ನು ಕಿರಿದು. ಅದೇ ಅಂಚಿನಲ್ಲಿ ಇನ್ನೊಂದು, ಮತ್ತೊಂದು. ಎಲ್ಲವೂ ಒಂದೇ ಅಳತೆ, ಒಂದೇ ಬಡಕಲು.

ಹಸಿದ ಮೀನುಗಳು ಇವು. 1930ರ ದಶಕದಲ್ಲಿ ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಕೆರೆಗಳನ್ನು ಕಟ್ಟಿಸಿ, ಮೀನು ಬಿಟ್ಟು, ಕೆಲ ಕಾಲದ ನಂತರ ನೀರು ಬಸಿದು ತಳದಲ್ಲುಳಿದ ಮೀನನ್ನೆಲ್ಲ ಎಣಿಸಿ ತೂಗುತ್ತಿದ್ದರು. ಸಣ್ಣ ಕೆರೆಗೆ ಬ್ಲೂಗಿಲ್ ಮತ್ತು ಬಾಸ್ ಜೋಡಿಯೇ ಹೊಂದುತ್ತದೆ, ಹತ್ತು ಬ್ಲೂಗಿಲ್ ಮರಿಗೆ ಒಂದು ಬಾಸ್ ಮರಿಯ ಅಂದಾಜಿನಲ್ಲಿ ಬಿಡಬೇಕು ಎಂಬ ಪಾಠ ಆ ಕೆಲಸದಿಂದ ಬಂತು. 1950ರಲ್ಲಿ ಕೆರೆಯ ಸಮತೋಲದ ಬಗ್ಗೆ ಅವರ ಹೆಸರಾಂತ ವರದಿ ಹೊರಬಂತು. ಬಾಸ್ ಮರಿ ಮಾಡುವುದು ವರ್ಷಕ್ಕೊಂದು ಋತುವಿನಲ್ಲಿ, ವಸಂತದಲ್ಲಿ. ಬ್ಲೂಗಿಲ್ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಮಾಡುತ್ತದೆ. ಒಂದು ಪೌಂಡ್ ಬಾಸ್ ಬೆಳೆಯಲು ಸುಮಾರು ಹತ್ತು ಪೌಂಡ್ ಸಣ್ಣ ಮೀನು ಬೇಕೆಂಬುದು ಕೆರೆ ನೋಡಿಕೊಳ್ಳುವವರ ಲೆಕ್ಕ. ಬಂದ ಅತಿಥಿಗಳೆಲ್ಲ ಕರುಣೆಯಿಂದ ಬಾಸ್‌ಗಳನ್ನು ಬಿಡುತ್ತ ಹೋದರೆ ತಿನ್ನುವ ಬಾಯಿ ಹೆಚ್ಚುತ್ತವೆ, ಬ್ಲೂಗಿಲ್ ಮರಿಗಳು ಬೆರಳುದ್ದ ಆಗುವುದರೊಳಗೆ ಖಾಲಿಯಾಗುತ್ತವೆ. ತಪ್ಪಿಸಿಕೊಂಡ ಕೆಲವು ಮಾತ್ರ ಕೊಬ್ಬಿ ಅಂಗೈಯಗಲವಾಗುತ್ತವೆ. ಅವನ್ನು ನುಂಗಲು ಹನ್ನೊಂದು ಅಂಗುಲದ ಬಾಸ್‌ಗೆ ಆಗದು, ಅದು ಅಲ್ಲೇ ನಿಂತುಬಿಡುತ್ತದೆ. ಹುಲ್ಲಿಗೆ ಮೀರಿ ದನ ಬಿಟ್ಟರೆ ಏನಾಗುತ್ತದೆಂದು ರ‍್ಯಾಂಚಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹುಡುಗ ಒಂದೊಂದನ್ನೂ ಪೆಟ್ಟಿಗೆಗೆ ಒಯ್ಯುತ್ತಾನೆ. ಬಿಡುವುದೇ ದಯೆ ಎಂದು ಕಲಿತ ಕೈಗೆ ಇದು ಸುಲಭವಲ್ಲ. ಆದರೂ ಕೊಡಿ.

ಸೂರ್ಯ ಓಕ್ ಮರಗಳ ಹಿಂದಕ್ಕೆ ಜಾರಿದ. ಗಾಳಿ ನಿಂತಿತು. ನತ್ತಿಂಗದ ಬಳಗದ ನೈಟ್‌ಹಾಕ್ ಹಕ್ಕಿಗಳು ಮೇಲೆ ಸುತ್ತುತ್ತಿವೆ. ಒಂದು ನೇರ ಕೆಳಗೆ ಧುಮುಕಿ ಮೇಲೇಳುವಾಗ ಅದರ ಗರಿಗಳಲ್ಲಿ ಗಾಳಿ ಭೋಂ ಎಂದು ಮೊಳಗುತ್ತದೆ. ದಡದುದ್ದಕ್ಕೂ ಕಪ್ಪೆಗಳು ಶುರುಮಾಡಿದವು. ಈಗ ಪುಟ್ಟ ಪಾಪರ್ ಬಿಚ್ಚಿ, ಜಿಂಕೆಯ ಕೂದಲನ್ನು ಒತ್ತಾಗಿ ಸುತ್ತಿ ಕತ್ತರಿಸಿ ಮಾಡಿದ, ಹೆಬ್ಬೆರಳಿನಷ್ಟು ದಪ್ಪದ ಎರೆ ಕಟ್ಟಿ. ಕಪ್ಪೆಯೋ ಇಲಿಯೋ, ನೀರಿನ ಕೆಳಗಿನಿಂದ ನೋಡುವವರು ಏನೆಂದುಕೊಂಡರೂ ಸರಿ. ಬೀಸಲು ಇದು ಭಾರ, ಗಾಳಿಗೆ ತಡೆಯುತ್ತದೆ. ತೋಳು ನಿಧಾನ ಮಾಡಿ. ನೀರಲ್ಲಿ ನಿಂತ ಬೋಳು ಕಾಂಡದ ಬುಡಕ್ಕೆ ಹಾಕಿ. ಕಾಯಿರಿ, ಎರಡುಸಿರು ಹೆಚ್ಚೇ ಕಾಯಿರಿ. ಒಮ್ಮೆ ಜಗ್ಗಿ.

ನೀರಿನಲ್ಲಿ ಒಂದು ತೂತು ಬಿತ್ತು. ಸದ್ದು ಆಮೇಲೆ ಬಂತು. ಬಾಸ್ ಕಚ್ಚುವುದಿಲ್ಲ, ಹೀರುತ್ತದೆ: ಬಾಯಿ ಒಮ್ಮೆಲೇ ಹಿಗ್ಗಿದಾಗ ನೀರು ಎರೆಯ ಸಮೇತ ಒಳನುಗ್ಗುತ್ತದೆ. ಆ ಹೀರಿಕೆಯ ಬಲ ತಲೆಯ ಸಣ್ಣ ಸ್ನಾಯುಗಳದ್ದಲ್ಲ, ಈಜಲು ಬಳಸುವ ಇಡೀ ಮೈಯ ಸ್ನಾಯುಗಳದ್ದು ಎಂದು ಬ್ರೌನ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿಕೊಟ್ಟರು. ಕೋಲು ಎತ್ತಬೇಡಿ, ಎಡಗೈಯಲ್ಲಿ ದಾರವನ್ನು ಗಟ್ಟಿಯಾಗಿ ಹಿಂದಕ್ಕೆಳೆಯಿರಿ. ಸಿಕ್ಕಿತು. ಮುಳುಗಿದ ಮರದ ಕಡೆಗೆ ನುಗ್ಗುತ್ತಿದೆ, ಬಿಟ್ಟರೆ ರೆಂಬೆಗೆ ದಾರ ಸುತ್ತಿ ಹರಿಯುತ್ತದೆ. ಕೋಲನ್ನು ನೀರಿಗೆ ಸಮವಾಗಿ ಬದಿಗೆ ಬಾಗಿಸಿ ಅದರ ತಲೆ ತಿರುಗಿಸಿ. ತಿರುಗಿತು. ಎರಡು ಸಲ ಹಾರಿ, ಮೂರನೆಯ ಸಲ ಅರ್ಧ ಮಾತ್ರ ಮೇಲೆದ್ದು, ದಡಕ್ಕೆ ಬಂತು.

ಟಾರ್ಚ್ ಬೆಳಕು ಬಿಡುತ್ತಾನೆ ಹುಡುಗ. ಐದು ಪೌಂಡಿಗೆ ಕಡಿಮೆಯಿಲ್ಲ, ಬೆನ್ನು ಅಗಲ, ಹೊಟ್ಟೆ ತುಂಬಿದೆ. ಕೊಕ್ಕೆ ಬಿಡಿಸಲು ಬಾಯೊಳಗೆ ನೋಡಿದರೆ, ಗಂಟಲಲ್ಲಿ ಒಂದು ಬಾಲ ಇನ್ನೂ ಚಾಚಿಕೊಂಡಿದೆ. ಅಗಲ ಬಾಲ, ಬ್ಲೂಗಿಲ್‌ನದು. ಅದು ಒಳಗೆ ಇಳಿಯುವ ಮೊದಲೇ ಇದಕ್ಕೆ ಇನ್ನೊಂದು ಬೇಕಾಗಿದೆ.

ಬಾಸ್‌ಗೂ ಬ್ಲೂಗಿಲ್‌ಗೂ ಇರುವ ಈ ನಂಟು ಜಪಾನಿನವರೆಗೂ ಹೋಗಿದೆ. 1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ಬಾಸ್ 77 ವರ್ಷ ಸರಿಸಾಟಿಯಿಲ್ಲದ ದಾಖಲೆಯಾಗಿ ನಿಂತಿತ್ತು. 2009ರಲ್ಲಿ ಅದಕ್ಕೆ ಸಮನಾದ ಮೀನು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ, ಮನಾಬು ಕುರಿತಾ ಎಂಬವರಿಗೆ. ಅವರು ಎರೆಯಾಗಿ ಕಟ್ಟಿದ್ದು ಜೀವಂತ ಬ್ಲೂಗಿಲ್. ಬಾಸ್ ಆಗಲಿ ಬ್ಲೂಗಿಲ್ ಆಗಲಿ ಜಪಾನಿನವಲ್ಲ. 1960ರಲ್ಲಿ ಅಮೆರಿಕಕ್ಕೆ ಬಂದಿದ್ದ ಯುವರಾಜ ಅಕಿಹಿತೊಗೆ ಷಿಕಾಗೊದಲ್ಲಿ ಉಡುಗೊರೆಯಾಗಿ ಸಿಕ್ಕ ಬ್ಲೂಗಿಲ್‌ಗಳ ಸಂತತಿ ಅಲ್ಲಿನ ನೀರುಗಳಿಗೆ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಅವರು ಬಹಿರಂಗವಾಗಿ ಅದಕ್ಕೆ ನೋವು ತೋಡಿಕೊಂಡರು. ಅಲ್ಲಿ ತೊಡೆದುಹಾಕಲು ಹೆಣಗುತ್ತಿರುವ ಮೀನಿನ ಮೇಲೆ ಈ ಕೆರೆ ನಿಂತಿದೆ.

ಹೊಟ್ಟೆಯ ಕೆಳಗೆ ಕೈ ಕೊಟ್ಟು, ತಲೆ ನೀರಿಗೆ ಮಾಡಿ ಹಿಡಿಯಿರಿ. ಕಿವಿರು ಎರಡು ಸಲ ತೆರೆದು ಮುಚ್ಚಿತು. ಹೋಯಿತು, ಗಂಟಲಿನ ಬಾಲದ ಸಮೇತ.

ಟ್ರಕ್ಕಿನ ಹಿಂಬಾಗಿಲೇ ಈಗ ಅಡುಗೆಕಟ್ಟೆ. ಗ್ಯಾಸ್ ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ತಟ್ಟೆಯಲ್ಲಿ ಉಪ್ಪು ಖಾರ ಬೆರೆಸಿದ ಮೆಕ್ಕೆಜೋಳದ ಹಿಟ್ಟು. ಆಕೆ ಒಂದೊಂದು ಬಾಸನ್ನು ಅಳೆದು, ತೂಗಿ, ಹುಡುಗನಿಂದ ಬರೆಸುತ್ತಾರೆ. ಆಮೇಲೆ ಚಾಕು. ಮಾಂಸ ಬಿಡಿಸುವ ಮೊದಲು ಹೊಟ್ಟೆಯ ಚೀಲ ಸೀಳಿ ಟಾರ್ಚಿಗೆ ಹಿಡಿಯುತ್ತಾರೆ. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು. ಮುಂದಿನದು ಮತ್ತೆ ಖಾಲಿ. ಒಂದರಲ್ಲಿ ಕ್ರಾಫಿಶ್‌ನ ಒಂದು ಕೊಂಬು.

“ಮೀನು ಒಂದರಲ್ಲೂ ಇಲ್ಲ, ಅಜ್ಜಿ,” ಅನ್ನುತ್ತಾನೆ ಹುಡುಗ.

“ಅದನ್ನೂ ಬರಿ.” ಆಕೆ ಹಳೆಯ ಪುಟಗಳನ್ನು ಹಿಂದಕ್ಕೆ ತಿರುವಿ ಹೋದ ವರ್ಷದ ಮೇ ತಿಂಗಳ ತೂಕಗಳ ಮೇಲೆ ಬೆರಳಾಡಿಸುತ್ತಾರೆ. “ಅದೇ ಉದ್ದಕ್ಕೆ ಈ ಸಲ ಒಂದು ಔನ್ಸ್ ಜಾಸ್ತಿ ಇದೆ. ಸಾಲದು. ಬೇಸಿಗೆ ಮುಗಿಯೋದರೊಳಗೆ ಇನ್ನೂ ತೆಗೀಬೇಕು. ಮುಂದಿನ ಶನಿವಾರ ಬರೋಕಾಗುತ್ತಾ ನಿಮಗೆ?”

“ಬರ್ತೀನಿ, ಮ್ಯಾಮ್.”

“ಹಾಗಾದರೆ ಇನ್ನೊಂದು ಕೋಲು ತನ್ನಿ. ಇವನಿಗೆ ಆ ದಾರ ಬೀಸೋದು ಕಲಿಸಿ, ಇಬ್ಬರಾದರೆ ಕೆಲಸ ಬೇಗ ಆಗುತ್ತೆ.” ಹಿಟ್ಟಿನಲ್ಲಿ ಹೊರಳಿಸಿದ ಮೊದಲ ತುಂಡನ್ನು ಆಕೆ ಎಣ್ಣೆಗೆ ಬಿಡುತ್ತಾರೆ.